ಎಣ್ಣೂರಿನ ಕಬ್ಬಿಣದ ಬುಲ್‌ಬುಲ್

ದೆವ್ವ ಕಂಡೆ, ಸದ್ದು ಕೇಳಿದೆ ಎನ್ನುವವರನ್ನು ನಾನು ಒಂದು ಕಾಲದಲ್ಲಿ ಚೆನ್ನಾಗಿ ಗೇಲಿ ಮಾಡುತ್ತಿದ್ದೆ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಕಾರಣವಿಲ್ಲದೆ ಒಂದು ಕೆಂಪು ದೀಪವೂ ಹತ್ತುವುದಿಲ್ಲ ಎಂದು ನಂಬಿದವನು. ಈಗ ನನ್ನ ಮಾತನ್ನು ನೀವು ನಂಬದಿದ್ದರೂ ಬೇಸರವಿಲ್ಲ. ನನ್ನ ಹೆಂಡತಿಯೇ ನಂಬಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ನಾವು ಚೆನ್ನೈನಲ್ಲಿದ್ದೆವು. ಹೆಂಡತಿ ವಸುಧಾ ಶಿಲ್ಪ ಮಾಡುತ್ತಿದ್ದಳು. ಪಾರಸಿಯ ಹಳೆಯ ಕಾವ್ಯದ ಹುಚ್ಚು ಹಿಡಿದಿತ್ತು ಅವಳಿಗೆ. ಅಲ್ಲಿ ಬುಲ್‌ಬುಲ್ ಹಕ್ಕಿ ಗುಲಾಬಿಗಾಗಿ ಹಾಡುತ್ತದಂತೆ. ಗುಲಾಬಿಯೇ ಬದುಕದ ಕಡೆ ಅದೇನು ಮಾಡಬೇಕು ಅನ್ನುವುದು ಅವಳ ಪ್ರಶ್ನೆ. ಅಂಬತ್ತೂರಿನಿಂದ ಗುಜರಿ ಕಬ್ಬಿಣ ತಂದು ಆಳೆತ್ತರದ ಹಕ್ಕಿ ಮಾಡಿ, ಎಣ್ಣೂರಿನ ಹಿನ್ನೀರಿನ ದಡದಲ್ಲಿ, ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ ಬಂದು ಬೀಳುವ ಜಾಗದಲ್ಲೇ ನಿಲ್ಲಿಸಿದಳು. ಗಂಟಲೊಳಗೆ ಕೊಳವೆಗಳಿದ್ದವು. ಕಡಲ ಗಾಳಿ ಹೊಕ್ಕರೆ ಹಾಡಬೇಕು.

ಹಾಡಲಿಲ್ಲ. ಬೂದಿ ತುಂಬಿಕೊಳ್ಳುತ್ತಿತ್ತು. ಭಾನುವಾರ ಬಂತೆಂದರೆ ಬಕೆಟ್ಟು, ಸರಳು ಹಿಡಿದು ಲೋಕಲ್ ಹತ್ತುವುದು, ಹಕ್ಕಿಯ ಗಂಟಲು ತೊಳೆಯುವುದು, ಸಂಜೆಯವರೆಗೆ ಕಾಯುವುದು. ಬರೀ ಉಸ್ ಎನ್ನುತ್ತಿತ್ತು. ಪಕ್ಕದಲ್ಲೇ ಮೀನು ಮಾರುತ್ತಿದ್ದ ಸೆಲ್ವಿಯಮ್ಮ, ಇವತ್ತೂ ಗಂಟಲು ಕಟ್ಟಿದೆಯಾ ಎಂದು ತಮಿಳಿನಲ್ಲಿ ಛೇಡಿಸುತ್ತಿದ್ದಳು.

ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಕೊನೆಯ ಭಾನುವಾರ ವಸುಧಾ ಅದೇ ಬಕೆಟ್ಟಿನಲ್ಲಿ ಸಿಮೆಂಟು ಕಲಸಿದಳು.

"ಬೂದಿ ಮುಚ್ಚೋದಕ್ಕಿಂತ ನಾನೇ ಮುಚ್ತೀನಿ ಬಿಡಿ," ಎಂದಳು.

ಒಂದು ಸಲವಾದರೂ ಅದರ ದನಿ ಕೇಳಬೇಕೆಂದು ಅವಳು ಎಷ್ಟು ಒದ್ದಾಡಿದ್ದಳೆಂದು ನನಗೆ ಗೊತ್ತು. ಕೊಕ್ಕಿನ ತುದಿಯವರೆಗೆ ಸಿಮೆಂಟು ತುಂಬಿ, ಅಂಗೈಯಿಂದ ಒತ್ತಿ ಹಿಡಿದು ನಿಂತಳು. ಗಾಳಿಯೂ ಬಿದ್ದುಹೋಗಿತ್ತು.

ಆಗ ಹಾಡಿತು. ತಗ್ಗು ದನಿಯಲ್ಲಿ ಶುರುವಾಗಿ ಏರುತ್ತಾ ಹೋಯಿತು. ರೈಲಿನ ಸಿಳ್ಳಲ್ಲ, ಹಡಗಿನದೂ ಅಲ್ಲ. ಅವೆರಡನ್ನೂ ನಾನು ಬಲ್ಲೆ. ಸೆಲ್ವಿಯಮ್ಮ ಕೈಯಲ್ಲಿದ್ದ ಮೀನು ಬಿಟ್ಟು ಎದ್ದು ನಿಂತಳು. "ಪಾಡುದಮ್ಮಾ," ಎಂದಳು ಮೆಲ್ಲಗೆ.

ವಸುಧಾ ನಮ್ಮಿಬ್ಬರ ಮುಖ ನೋಡಿದಳು. ಕೈ ಇನ್ನೂ ಕೊಕ್ಕಿನ ಮೇಲೇ ಇತ್ತು.

"ಎಲ್ಲಿ ಹಾಡ್ತಿದೆ? ನನ್ನ ಸಮಾಧಾನಕ್ಕೆ ಇಬ್ಬರೂ ಸೇರಿ ನಾಟಕ ಆಡ್ತಿದೀರಾ?"

ಅವಳೊಬ್ಬಳಿಗೆ ಕೇಳಿಸಿರಲಿಲ್ಲ. ಆಮೇಲೆ ಕಿವಿಯ ಡಾಕ್ಟರಲ್ಲಿಗೂ ಹೋಗಿ ಬಂದೆವು. ಅವಳ ಕಿವಿಯೂ ಸರಿಯಾಗಿತ್ತು, ನನ್ನದೂ ಸರಿಯಾಗಿತ್ತು.

ಈಗಲೂ ಗಾಳಿ ಎದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಿಟಕಿ ಹಾಕುತ್ತೇನೆ, ಮತ್ತೆ ತೆಗೆಯುತ್ತೇನೆ. ವಸುಧಾ ಆ ಮಾತನ್ನು ಇಂದಿಗೂ ನಂಬಿಲ್ಲ. ಆದರೂ ಕೆಲವೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ, "ಸುಳ್ಳೇ ಇರ್ಲಿ, ಹೇಗಿತ್ತು ಹೇಳಿ," ಎನ್ನುತ್ತಾಳೆ. ಹಾಡಿ ತೋರಿಸೋಣವೆಂದು ಬಾಯಿ ತೆರೆಯುತ್ತೇನೆ. ಬರೀ ಉಸ್ ಎನ್ನುತ್ತದೆ.