ವಿಮಾನಕ್ಕೆ ಹಚ್ಚಿದ ಕೊಳೆ

ಅವ್ವ ಕಾಶಿಗೆ ಬರುವುದಿಲ್ಲ ಎಂದುಬಿಟ್ಟಳು. ಅದೂ ವಿಮಾನದ ಟಿಕೆಟ್ ತೆಗೆಸಿದ ಮೇಲೆ, ಚಪಾತಿ ಲಟ್ಟಿಸುತ್ತ, ತಲೆ ಕೂಡ ಎತ್ತದೆ. ಕಾಶಿ ನೋಡಬೇಕೆಂಬುದು ಅವಳ ಬಹಳ ಹಳೆಯ ಆಸೆ. ಮೊಣಕಾಲು ನೋವಿಗೆ ರೈಲಿನಲ್ಲಿ ಅಷ್ಟು ದೂರ ಕೂರಲಾರಳೆಂದೇ ವಿಮಾನ ಗೊತ್ತುಮಾಡಿದ್ದೆವು. ದಸರೆ ಮುಗಿಸಿಕೊಂಡು ಹೊರಡುವುದಿತ್ತು. ಕೆಳಮನೆಯ ಮರಾಠಿ ಅಜ್ಜಿಗೆ "ಮೀ ವಿಮಾನಾನೆ ಜಾಣಾರ್" ಎಂದು, ವಿಮಾನದಲ್ಲಿ ಹೋಗುತ್ತೇನೆಂದು ಅಜ್ಜಿಯ ಮಾತಿನಲ್ಲೇ, ತಾನೇ ಹೋಗಿ ಹೇಳಿ ಬಂದವಳು ಈಗ ಹೀಗೆ.

"ಯಾಕವ್ವಾ?"

"ಒಲ್ಲೆಪಾ. ನೀವ ಹೋಗಿ ಬರ್ರಿ. ಗಂಗಾನೀರು ತಂದುಕೊಡ್ರಿ, ಸಾಕು."

ನನಗೆ ತಲೆಬುಡ ತಿಳಿಯಲಿಲ್ಲ. ನೀನೇನಾದರೂ ಅಂದೆಯಾ ಎಂದು ಹೆಂಡತಿಯನ್ನು ಕೇಳಿ ಬೈಸಿಕೊಂಡೆ. "ನಿಮ್ಮ ವಿಮಾನದ ಹುಚ್ಚಿನಾಗ ಮನಿಯಾಗ ಏನ್ ನಡದದ ಅಂತ ನಿಮಗ ಎಲ್ಲಿ ಗೊತ್ತಾಗಬೇಕ್ರಿ?" ಎಂದಳು.

ಹುಚ್ಚು ಎಂದದ್ದು ಸುಳ್ಳಲ್ಲ. ಧನಕವಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಆಗ ನಾನೊಂದು ಪ್ಲಾಸ್ಟಿಕ್ ವಿಮಾನ ಕಟ್ಟುತ್ತಿದ್ದೆ. ರೆಕ್ಕೆಗೊಂದರಂತೆ ಎರಡು ತಿರುಗುವ ಪಂಖಗಳ, ಹಳೆಯ ಕಾಲದ ಪ್ರಯಾಣಿಕರ ವಿಮಾನ. ಒಂದು ಮೊಳಕ್ಕಿಂತ ಚಿಕ್ಕದು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಅಂಟಿಸಿ ಬಣ್ಣ ಹಚ್ಚಬೇಕು. ಬೆಳ್ಳಿ ಬಣ್ಣ ಚೆನ್ನಾಗಿಯೇ ಕೂತಿತ್ತು. ಆದರೆ ಫಳಫಳ ಹೊಳೆಯುವ ವಿಮಾನ ಅಂಗಡಿಯ ಆಟಿಕೆ ಅನ್ನಿಸುತ್ತದೆ. ನಿಜವೆನಿಸಬೇಕಾದರೆ ಅದಕ್ಕೆ ವಯಸ್ಸಾಗಬೇಕು. ಇಂಜಿನ್ನಿನ ಹಿಂದೆ ಹೊಗೆಯ ಮಸಿ, ರೆಕ್ಕೆಯ ಕೆಳಗೆ ಎಣ್ಣೆ ಸೋರಿದ ಗೆರೆ, ಬಾಗಿಲಂಚಿನಲ್ಲಿ ಕಿತ್ತುಹೋದ ಬಣ್ಣ, ಇವನ್ನೆಲ್ಲ ಕೈಯಿಂದಲೇ ಮೂಡಿಸಬೇಕು.

ಕೊಳೆ ಮಾಡುವುದು ಇಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಪೆನ್ಸಿಲ್ಲಿನ ಪುಡಿ ಸ್ವಲ್ಪ ಹಚ್ಚಿದರೆ ಕಾಣುವುದೇ ಇಲ್ಲ, ಇನ್ನೊಂಚೂರು ಹಚ್ಚಿದರೆ ವಿಮಾನವನ್ನು ಒಲೆಯಿಂದ ಎಳೆದು ತೆಗೆದಂತಿರುತ್ತದೆ. ಹಾರುವಾಗ ಎಣ್ಣೆ ಕೆಳಗೆ ಇಳಿಯುತ್ತದೋ ಹಿಂದಕ್ಕೆ ಹರಿಯುತ್ತದೋ ಎಂಬುದೂ ಬಗೆಹರಿಯಲಿಲ್ಲ. ನನ್ನ ಕಚೇರಿ ಮಾರ್ಕೆಟ್ ಯಾರ್ಡಿನ ಹತ್ತಿರ. ಊಟದ ಹೊತ್ತಿನಲ್ಲಿ ಈರುಳ್ಳಿ ಲಾರಿಗಳ ಡೀಸೆಲ್ ಟ್ಯಾಂಕಿನ ಕಲೆಗಳನ್ನು ಬಗ್ಗಿ ನೋಡುತ್ತ ನಿಲ್ಲುತ್ತಿದ್ದೆ. "ಕಾಹೀ ಹರವಲಂಯ್ ಕಾ, ಸಾಹೇಬ?" ಎಂದ ಡ್ರೈವರೊಬ್ಬ, ನಾನೇನೋ ಕಳೆದುಕೊಂಡೆನೆಂದು ತಾನೂ ಬಗ್ಗಿ ಹುಡುಕಿದ. ನಾನೂ ಅವನ ಜೊತೆ ಹುಡುಕಿದೆ.

ಮನೆಯಲ್ಲಿ ನನ್ನ ಕೆಲಸ ನೋಡುವವಳು ಅವ್ವ ಒಬ್ಬಳೇ. ಮೆಂತ್ಯಸೊಪ್ಪು ಸೋಸುತ್ತ ಬಾಲ್ಕನಿಯ ಬಾಗಿಲಲ್ಲಿ ಕೂರುತ್ತಿದ್ದಳು.

"ಹೊಸಾದಿತ್ತಲ್ಲೋ. ಯಾಕ ಹೊಲಸ ಮಾಡ್ಲಿಕತ್ತಿ?"

"ಖರೇ ವಿಮಾನ ಹಿಂಗ ಇರ್ತಾವವ್ವಾ."

"ಎಣ್ಣಿ ಸೋರ್ತದೇನು?"

"ಸೋರ್ತದ. ಹಾರಿ ಹಾರಿ ಬಣ್ಣಾನೂ ಕಿತ್ತಿರ್ತದ."

ಅವಳು ಬಗ್ಗಿ ರೆಕ್ಕೆಯ ಕೆಳಗೆಲ್ಲ ನೋಡಿ, ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ಮೆಚ್ಚಿದಳೆಂದುಕೊಂಡು ನಾನು ರೆಕ್ಕೆಗೆ ಇನ್ನೊಂದು ಗೆರೆ ಎಳೆದೆ. ಕಾಶಿ ಬೇಡವೆಂದದ್ದು ಅದಾದ ಮೇಲೆ.

ಇವೆರಡಕ್ಕೂ ಸಂಬಂಧವಿದೆಯೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಮೊಣಕಾಲಿನ ಹೆದರಿಕೆಯೇನೋ ಎಂದು ಡಾಕ್ಟರ ಹತ್ತಿರ ಕರೆದೊಯ್ದೆ. ಊಟದ ಮಡಿಯೇನೋ ಎಂದು, ಮನೆಯ ಅವಲಕ್ಕಿ ಕಟ್ಟಿಕೊಂಡು ಹೋಗೋಣ ಎಂದೆ. ಊರಿನ ಅತ್ತೆಯಿಂದ ಫೋನಿನಲ್ಲಿ ಹೇಳಿಸಿದೆ. ಎಲ್ಲದಕ್ಕೂ ಅದೇ "ಒಲ್ಲೆಪಾ". ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಇಷ್ಟು ವರ್ಷ ಕಾಶಿ ಕಾಶಿ ಎಂದವಳು ನನ್ನಿಂದ ಏನು ಮುಚ್ಚಿಡುತ್ತಿದ್ದಾಳೆ?

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಸ್ಕೂಟರ್ ತೊಳೆದು ನಿಲ್ಲಿಸಿ, ಚೆಂಡುಹೂ ತರಲು ನಡೆದೇ ಹೋದೆ. ತಿರುಗಿ ಬಂದಾಗ ದೇವರ ಮುಂದೆ ಈಳಿಗೆ, ಕತ್ತರಿ, ನನ್ನ ಲ್ಯಾಪ್‌ಟಾಪ್ ಸಾಲಾಗಿ ಕೂತಿದ್ದವು. ನಡುವೆ ನನ್ನ ವಿಮಾನ. ಅದರ ಬೆಳ್ಳಿ ಬಣ್ಣ ಕಣ್ಣಿಗೆ ಕುಕ್ಕುತ್ತಿತ್ತು. ಕೊಳೆ ಅಳಿಯದಂತೆ ಮೇಲೆ ಹೊಡೆಯಬೇಕಾದ ವಾರ್ನಿಷ್ ಇನ್ನೂ ಬಾಕಿಯಿತ್ತಲ್ಲ, ಪಾತ್ರೆಯ ಸಾಬೂನಿಗೆ ಮಸಿ, ಎಣ್ಣೆಗೆರೆ ಎಲ್ಲ ಬಚ್ಚಲಿಗೆ ಹರಿದುಹೋಗಿದ್ದವು. ಕೂದಲೆಳೆಯಂಥ ಆಂಟೆನಾ ಮುರಿದಿತ್ತು. ಮೂಗಿನ ಮೇಲೆ ಅರಿಶಿನ ಕುಂಕುಮ.

ಕೂಗಾಡಬೇಕೋ ಅಳಬೇಕೋ ತಿಳಿಯದೆ ನಿಂತೆ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಭಾಳ ತಿಕ್ಕೇನಿ ನೋಡು. ಈಗ ಎಣ್ಣಿ ಎಲ್ಲೂ ಸೋರವಲ್ದು," ಎಂದಳು. ಆಮೇಲೆ ಮೆಲ್ಲಗೆ, "ಹಿಂಗಿದ್ರ ನಾನೂ ಕೂಡ್ತೇನಿ. ಕಾಶಿಗೆ ಬರ್ತೇನಿ."

ಸ್ಕೂಟರಿನ ಚಕ್ರದ ಕೆಳಗೆ ಅವಳು ಆಗಲೇ ನಿಂಬೆಹಣ್ಣು ಇಟ್ಟಾಗಿತ್ತು. ವಿಮಾನದ ಚಕ್ರಗಳೋ ಬಟಾಣಿಯಷ್ಟು. ಬಗ್ಗಿ ನೋಡಿದೆ. ಒಂದೊಂದರ ಮುಂದೆಯೂ ಒಂದೊಂದು ನಿಂಬೆಯ ಬೀಜವಿತ್ತು.

"ಹಾಯಿಸು," ಎಂದಳು ಅವ್ವ.

ನಾನು ಬೆರಳಿನಿಂದ ವಿಮಾನವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದೆ.