ಸುಚಿತಾಳ ಎದ್ದು ಮಲಗುವ ಕಂಪ್ಯೂಟರ್

ಕಾಯ್ಕಿಣಿಯ ಸುಚಿತಾಳ ಕಂಪ್ಯೂಟರ್ ಮೂರು ಊರಿನ ಸರಕು. ಡಬ್ಬ ಭಟ್ಕಳದ ಪೇಟೆಯದು. ಪರದೆ ಹೊನ್ನಾವರದಲ್ಲಿ ಯಾರೋ ಹಳೆಯದೆಂದು ಕೊಟ್ಟದ್ದು. ಒಳಗಿನ ಬೋರ್ಡು ಕುಮಟಾದಲ್ಲಿ ಬಾಗಿಲು ಮುಚ್ಚಿದ ಒಂದು ಸೈಬರ್ ಅಂಗಡಿಯದು. ಒಂದೊಂದನ್ನೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಫೋನಿನಲ್ಲಿ ವಿಡಿಯೋ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ, ಅವಳೇ ಜೋಡಿಸಿದಳು.

ಅದಕ್ಕೂ ಮೊದಲು ಅವಳು ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಿದ್ದಳು. ದಿನವಿಡೀ ಐಸಿನ ನೀರಿನಲ್ಲಿ ಕೈಯಿಟ್ಟು ಕೂತರೆ ರಾತ್ರಿ ಊಟಕ್ಕೆ ಕೂತಾಗ ಅನ್ನ ಬಿಸಿಯೋ ತಣ್ಣಗೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಆ ಬೆರಳುಗಳಲ್ಲೇ ಟೈಪಿಂಗ್ ಕಲಿತಳು. ಈಗ ನಮ್ಮೂರಿನ ಮದುವೆ ಕಾಗದ, ಉತ್ತರಕ್ರಿಯೆಯ ಕಾರ್ಡು, ಪಂಚಾಯ್ತಿಗೆ ಕೊಡುವ ಅರ್ಜಿ ಎಲ್ಲವೂ ಅವಳ ಜಗಲಿಯಲ್ಲೇ ಹುಟ್ಟುತ್ತವೆ. ಅವಳ ಗಂಡ ವಿನೋದ ಬೋಟಿನ ಮೇಲೆ ಹೋದರೆ ವಾರಗಟ್ಟಲೆ ಇಲ್ಲ. ಮನೆಯಲ್ಲಿ ಇರುವವರು ಅವಳು, ಅವಳ ಅತ್ತೆ ದುರ್ಗಮ್ಮ, ಮತ್ತೆ ಆ ಡಬ್ಬ.

ದುರ್ಗಮ್ಮ ಮೀನಿನ ಬುಟ್ಟಿ ಹೊತ್ತು ಮುರ್ಡೇಶ್ವರದ ಮನೆಮನೆ ತಿರುಗಿದ ಹೆಂಗಸು. ಸೊಂಟ ಬಿದ್ದ ಮೇಲೆ ಕೂತಿದ್ದಾಳೆ, ನಾಲಿಗೆ ಮಾತ್ರ ಕೂತಿಲ್ಲ. ಸೊಸೆಯ ಕೆಲಸದ ಬಗ್ಗೆ ಕೇರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಕೂತ್ಕಂಡು ಟಕಟಕ ಕುಟ್ಟೂದು ಕೆಲ್ಸವಾ? ಮೈ ಬೆವರ್ದೆ ಇದ್ರೆ ಅದು ಎಂತ ಕೆಲ್ಸ?"

ಆಯುಧಪೂಜೆಗೆ ಆಕೆ ಮೀನು ಕೊಯ್ಯುವ ಕತ್ತಿ, ತಕ್ಕಡಿ, ಮಗನ ಬಲೆ, ಬೈಕು, ಹಿತ್ತಲಿನ ಪಿಕಾಸಿ, ಕಡೆಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿಗೂ ಗಂಧ ಹಚ್ಚಿ ಅಕ್ಷತೆ ಹಾಕುತ್ತಾಳೆ. ಕಂಪ್ಯೂಟರಿಗೆ ಮಾತ್ರ ಹಾಕುತ್ತಿರಲಿಲ್ಲ. ಸುಚಿತಾಳೇ ಒಂದು ಗೊಂಡೆ ಹೂವು ತಂದು ಅದರ ಮೇಲಿಟ್ಟು ಸುಮ್ಮನಾಗುತ್ತಿದ್ದಳು. ಒಂದು ಸಲ ನಾನೇ ದುರ್ಗಮ್ಮನನ್ನು ಕೆಣಕಿದ್ದೆ, ಗಾಳಿ ಪಂಪಿಗಿಂತ ಕಡೆಯಾಯಿತೇ ಅದು ಎಂದು. "ಪಂಪು ದುಡೀತದೆ," ಎಂದಳು.

ನಾನು ಅಂದರೆ ವೆಂಕಟ, ಅದೇ ಕೇರಿಯವನು. ಅಂಚೆ ಕೆಲಸದಿಂದ ನಿವೃತ್ತನಾಗಿ ಊರಿನ ತಾಳಮದ್ದಲೆ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಕಾರ್ಯದರ್ಶಿ ಎಂದರೆ ಎಲ್ಲರಿಂದ ಬೈಸಿಕೊಳ್ಳುವವನು ಎಂದರ್ಥ. ಹೋದ ವರ್ಷ ದೀಪಾವಳಿಯ ಕೂಟಕ್ಕೆ ಕರಪತ್ರ ಟೈಪು ಮಾಡಿಸಲು ಅವಳ ಮನೆಗೆ ಹೋದರೆ ಜಗಲಿಯ ತುಂಬ ಕಂಪ್ಯೂಟರಿನ ಕರುಳು ಹರಡಿತ್ತು. ಸುಚಿತಾ ನಡುವೆ ಕೂತಿದ್ದಳು. ಮುಖದಲ್ಲಿ ಕಳೆಯಿರಲಿಲ್ಲ.

"ಎಂತ ಆತು?" ಎಂದೆ.

"ಎದ್ದು ಮಲಗ್ತದೆ, ವೆಂಕಟಣ್ಣ."

ನವರಾತ್ರಿಗೆ ಅವಳು ತವರಾದ ಧಾರೇಶ್ವರಕ್ಕೆ ಹೋಗಿದ್ದಳಂತೆ. ವಿಜಯದಶಮಿ ಮುಗಿಸಿ ಬಂದು ಬಟನ್ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆಯಲ್ಲಿ ಇನ್ನೇನು ಅಕ್ಷರ ಮೂಡಬೇಕು ಎನ್ನುವಾಗ ಎಲ್ಲವೂ ಆರಿಹೋಯಿತು. ವಯರು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒತ್ತಿದರೂ ಅದೇ ಕಥೆ. ನಮ್ಮ ಕಡಲ ಗಾಳಿ ಕಬ್ಬಿಣವನ್ನೇ ತಿನ್ನುತ್ತದೆ, ಈ ತಗಡಿನ ಚೂರುಗಳನ್ನು ಬಿಟ್ಟೀತೆ? ಅವಳು ಹಾಗೆಂದೇ ತಿಳಿದಳು. ಮೆಮೊರಿಯ ಪಟ್ಟಿಗಳನ್ನು ತೆಗೆದು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿದಳು. ಗೋಡೆಯ ಪ್ಲಗ್ ಬದಲಿಸಿದಳು. ಆಗಲಿಲ್ಲ. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಭಟ್ಕಳಕ್ಕೆ ಹೋದಳು. ಅಲ್ಲಿಯ ಅಂಗಡಿಯವನು ಅದನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಿ ನೋಡಿ, ಇದಕ್ಕೇನೂ ಆಗಿಲ್ಲ ಎಂದ. ಮರುದಿನ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಕುಮಟಾಕ್ಕೆ ಹೋದಳು. ಅಲ್ಲಿ ಮೇಜಿನ ಮೇಲಿಟ್ಟು ಚಾಲೂ ಮಾಡಿದರೆ ಮಧ್ಯಾಹ್ನದವರೆಗೂ ಕೆಮ್ಮಲಿಲ್ಲ. ಮನೆಗೆ ತಂದು ಜೋಡಿಸಿದರೆ ಮತ್ತೆ ಎದ್ದು ಮಲಗಿತು.

"ಊರಿಗೆ ಉಪಕಾರಿ ಮನೆಗೆ ಮಾರಿ," ಎಂದು ನಾನು ನಗಾಡಿದೆ. ಅವಳು ನಗಲಿಲ್ಲ.

"ನಂಗೆ ಸಾಕಾತು, ವೆಂಕಟಣ್ಣ. ಪ್ರತಿ ಮಳೆಗಾಲಕ್ಕೂ ಒಂದೊಂದು ಹೋಗ್ತದೆ. ಒಂದು ಸರಿ ಮಾಡೂಕೆ ಇನ್ನೊಂದು. ಶೆಡ್ಡಿನ ಮಾದಿಗೆ ಫೋನ್ ಮಾಡಿ ಹೇಳಿದ್ದೆ, ಸೋಮವಾರದಿಂದ ಬರ್ತೆ ಅಂತ."

ಮಾದಿ ಶೆಡ್ಡಿನಲ್ಲಿ ಹೆಂಗಸರ ಮೇಲ್ವಿಚಾರಣೆ ನೋಡುವವಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಐಸಿನಿಂದ ದೂರವಿದ್ದ ಕೈ ಮತ್ತೆ ಅಲ್ಲಿಗೇ ಹೋಗುವುದನ್ನು ನೋಡಿ ಕೈಯಲ್ಲಿದ್ದ ಕರಪತ್ರದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ದುರ್ಗಮ್ಮ ಒಳಬಾಗಿಲಲ್ಲಿ ನಿಂತಿದ್ದಳು. ಇಂಥ ಹೊತ್ತಿನಲ್ಲಿ ಒಂದು ಕುಟುಕು ಮಾತು ಬಂದೇ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸೆರಗಿನ ತುದಿ ಹಿಂಡುತ್ತ ಬಿಚ್ಚಿದ ಡಬ್ಬವನ್ನೇ ನೋಡುತ್ತಿದ್ದಳು.

"ಚಾ ಕುಡೀತ್ಯನೇ?" ಎಂದು ಸೊಸೆಯನ್ನು ಕೇಳಿದಳು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಸುಚಿತಾ ತಲೆ ಎತ್ತದೆ ಬೇಡವೆಂದಳು. ಆದರೂ ಮುದುಕಿ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು.

ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. "ಕುಮಟೆಯವ ಅದನ್ನ ಹ್ಯಾಂಗೆ ಚಾಲೂ ಮಾಡ್ದ?" ಎಂದು ಮಾತಿಗೆ ಕೇಳಿದೆ.

"ಬೋರ್ಡಿನ ಮೂಲೆಯಲ್ಲಿ ಎರಡು ಸೂಜಿ ಅದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಮುಟ್ಸಿದ, ಹತ್ಕಂತು. ಬಟನ್ ಒತ್ತಿದ್ರೂ ಆಗೂದು ಅದೇಯ..." ಎನ್ನುತ್ತ ಡಬ್ಬದ ಮುಂದಿನ ಬಟನ್ನಿನ ಕಡೆ ನೋಡಿದಳು.

ಭಟ್ಕಳಕ್ಕೆ ಹೋದದ್ದು ಕರೆಂಟಿನ ಪೆಟ್ಟಿಗೆ, ಕುಮಟಾಕ್ಕೆ ಹೋದದ್ದು ಬೋರ್ಡು. ಡಬ್ಬ ಭಾರವೆಂದು ಅದನ್ನು ಯಾವ ಬಸ್ಸಿಗೂ ಹತ್ತಿಸಿರಲಿಲ್ಲ. ಡಬ್ಬದ ಮುಂದಿನ ಆ ದೊಡ್ಡ ಬಟನ್ ಮನೆ ಬಿಟ್ಟು ಕದಲಿರಲಿಲ್ಲ.

ಅವಳು ಎಲ್ಲವನ್ನೂ ಮತ್ತೆ ಸಿಕ್ಕಿಸಿದಳು. ಬಟನ್ನಿನಿಂದ ಬರುವ ಸಣ್ಣ ವಯರನ್ನು ಮಾತ್ರ ಬೋರ್ಡಿನಿಂದ ಕಿತ್ತು, ಸ್ಕ್ರೂಡ್ರೈವರಿನ ತುದಿಯನ್ನು ಎರಡು ಸೂಜಿಗಳಿಗೆ ತಾಗಿಸಿದಳು. ಫ್ಯಾನು ತಿರುಗಿತು. ಪರದೆ ಬೆಳಗಿತು. ನಾವಿಬ್ಬರೂ ಕಾದು ನೋಡಿದೆವು. ಆರಲಿಲ್ಲ. ಅದರ ಹಿಂದಿನ ವರ್ಷದ ನಮ್ಮ ಕರಪತ್ರವೂ ಪರದೆಯ ಮೂಲೆಯಲ್ಲಿ ಕಾಣಿಸಿತು.

"ಬಟನ್ ಒಳಗೇ ಕಚ್ಕಂಡದೆ," ಎಂದಳು. "ಒತ್ತೇ ಹಿಡ್ಕಂಡಾಂಗೆ ಆಗ್ತದೆ. ಒತ್ತಿ ಹಿಡಿದ್ರೆ ಅದು ತಾನಾಗೇ ಆರ್ತದೆ."

ಖುಷಿಯಿಂದ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳಲ್ಲಿ ಅಷ್ಟು ತ್ರಾಣವೂ ಉಳಿದಿರಲಿಲ್ಲ. ಯಂತ್ರ ಆರಿಸಿ, ಡಬ್ಬದ ಮುಂದಿನ ತಟ್ಟೆಯನ್ನು ಬಿಚ್ಚಿ ಮಗುಚಿ ಹಿಡಿದಳು. ನಾನೂ ಬಗ್ಗಿ ನೋಡಿದೆ. ಬಟನ್ನಿನ ಸುತ್ತಲಿನ ಸಂದಿಯಲ್ಲಿ ಗಂಧ ಒಣಗಿ ಗಟ್ಟಿಯಾಗಿತ್ತು. ಅದರ ನಡುವೆ ಅರಿಶಿನ ಹಚ್ಚಿದ ಅಕ್ಷತೆಯ ಕಾಳೊಂದು ಬೆಣೆ ಹೊಡೆದಂತೆ ಕೂತಿತ್ತು.

ಹೊರಗಡೆ ಒಂದು ಕಲೆಯೂ ಇರಲಿಲ್ಲ. ಸೊಸೆ ತವರಿನಲ್ಲಿದ್ದಾಗ ಹಚ್ಚಿ, ಅವಳು ಬರುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದಳು ಮುದುಕಿ. ಇಷ್ಟು ವರ್ಷ ಆಡಿದ ಮಾತಿಗೆ ಎದುರಾಗಿ ಹಚ್ಚಿದ್ದನ್ನು ಒಪ್ಪಿಕೊಳ್ಳಲು ನಾಚಿಕೆ ಇರಬೇಕು. ಯಂತ್ರದ ಹಣೆ ಯಾವುದು ಎಂದು ಹುಡುಕಿ, ನಡುವೆ ಗುಂಡಗೆ ಕಂಡದ್ದಕ್ಕೇ ಇಟ್ಟಿದ್ದಾಳೆ. ನನಗೆ ನಗು ಬಂತು. ಸುಚಿತಾಳ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ದುರ್ಗಮ್ಮ ಚಾ ಹಿಡಿದು ಬಂದಳು. ಸುಚಿತಾ ಕೈಯಲ್ಲಿದ್ದ ಡಬ್ಬದ ತಟ್ಟೆಯನ್ನು ಥಟ್ಟನೆ ಮಗುಚಿಟ್ಟಳು.

"ಎಂತ ಆಗಿತ್ತೇ ಅದ್ಕೆ?" ಎಂದು ಮುದುಕಿ ಮೆಲ್ಲಗೆ ಕೇಳಿದಳು.

"ಎಂತಾ ಇಲ್ಲ, ಅತ್ತೆ. ಒಂದು ವಯರು ಸಡ್ಲ ಆಗಿತ್ತು. ಈಗ ಸರಿ ಆತು."

"ಮತ್ತೆಂತಾ ಅಲ್ವಾ?"

"ಮತ್ತೆಂತಾ ಅಲ್ಲ."

ದುರ್ಗಮ್ಮ ಹೊಸ್ತಿಲ ಮೇಲೆ ಕುಸಿದಂತೆ ಕೂತಳು. ನನ್ನ ಕಡೆ ತಿರುಗಿ, "ವೆಂಕಟ, ನಿಂದೆಂತ ಕಾಗ್ದ ಇತ್ತಲ, ಕೊಡು ಅವ್ಳಿಗೆ. ಸುಮ್ನೆ ಕೂತ್ಕಂಡ್ರೆ ಕೆಲ್ಸ ಆಗ್ತದ್ಯಾ?" ಎಂದಳು. ಕೆಲಸ ಎಂಬ ಮಾತು ಆ ಡಬ್ಬದ ವಿಷಯದಲ್ಲಿ ಆ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮುದುಕಿ ಒಳಗೆ ಹೋದ ಮೇಲೆ ನಾನು ಪಿಸುಗುಟ್ಟಿದೆ: "ಒಂದು ಪಿನ್ನು ತಕ್ಕಂಡು ಆ ಕಾಳು ತೆಗ್ದಾಕು."

ಅವಳು ತೆಗೆಯಲಿಲ್ಲ. ದೊಡ್ಡ ಬಟನ್ನಿನ ಕೆಳಗೆ, ಯಂತ್ರ ಸಿಕ್ಕಿಕೊಂಡಾಗ ಒತ್ತಲೆಂದು ಒಂದು ಸಣ್ಣ ಬಟನ್ ಇರುತ್ತದೆ. ಅದರ ವಯರನ್ನು ತಂದು ಆ ಎರಡು ಸೂಜಿಗಳಿಗೆ ಸಿಕ್ಕಿಸಿದಳು. ದೊಡ್ಡದರ ವಯರನ್ನು ಮಡಚಿ ಮೂಲೆಗೆ ಸೇರಿಸಿದಳು. ಗಂಧ, ಕಾಳು ಇದ್ದಲ್ಲೇ ಇರಲು ಬಿಟ್ಟು ತಟ್ಟೆ ಮುಚ್ಚಿದಳು. ಆಮೇಲೆ ಮಾದಿಗೆ ಫೋನ್ ಮಾಡಿ, ತಾನು ಬರುವುದಿಲ್ಲ ಎಂದಷ್ಟೇ ಹೇಳಿ ಇಟ್ಟಳು.

ಆ ಯಂತ್ರ ಈಗಲೂ ಮಳೆಗಾಲಕ್ಕೊಮ್ಮೆ ಮುನಿಯುತ್ತದೆ, ಅವಳು ಈಗಲೂ ದಣಿದೇ ಇರುತ್ತಾಳೆ. ಈ ವರ್ಷ ಆಯುಧಪೂಜೆಯ ದಿನ ಹೋದಾಗ ಮಾತ್ರ ದುರ್ಗಮ್ಮ ಎಲ್ಲರ ಎದುರೇ, ಬಲೆಗಿಂತ ಮೊದಲು, ಆ ದೊಡ್ಡ ಬಟನ್ನಿಗೆ ಗಂಧ ಮೆತ್ತುತ್ತಿದ್ದಳು. ಕಾರ್ಡು ಮಾಡಿಸಲು ಬಂದವರು ಕೆಲವೊಮ್ಮೆ ತಾವೇ ಚಾಲೂ ಮಾಡಲು ಹೋಗಿ ದೊಡ್ಡದನ್ನು ಒತ್ತುತ್ತಾರೆ. ಏನೂ ಆಗುವುದಿಲ್ಲ. ಹಾಳಾಗಿದೆಯೇ ಎಂದು ಕೇಳಿದರೆ ಸುಚಿತಾ ತಲೆ ಎತ್ತದೆ ಹೇಳುತ್ತಾಳೆ:

"ಅದು ಅತ್ತೇದು. ಸಣ್ಣದು ನಂದು."