ಪರದೆಯ ಹಿಂದಿನ ನಗು

ಅಮೀರ್ ಜಾನ್ ದಾವಣಗೆರೆಯ ಒಂದು ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್. ಮೀಸೆ ಮೂಡುವ ಮೊದಲೇ ಮಿಷನ್ ರೂಮು ಸೇರಿದವನು ಮೀಸೆಯಲ್ಲಿ ಬಿಳಿ ಕೂದಲು ಇಣುಕುವವರೆಗೂ ಅಲ್ಲೇ ಇದ್ದ. ಊರಿಗೆ ಊರೇ ಕೂತು ನಗುವ ಹೊತ್ತಿನಲ್ಲಿ ಅವನು ಗೋಡೆಯ ಈಚೆ, ಮಿಷನ್ನಿನ ಬೆಳಕಿಗೆಂದು ಉರಿಯುವ ಕಾರ್ಬನ್ ಕಡ್ಡಿಗಳ ಪಕ್ಕ, ಬನಿಯನ್ ತೋಯಿಸಿಕೊಂಡು ನಿಂತಿರುತ್ತಿದ್ದ. ಜನರ ನಗು ಅವನಿಗೆ ಸಣ್ಣ ಕಿಂಡಿಯಿಂದ ಬರುತ್ತಿತ್ತು. ಮಿಷನ್ನಿನ ಗರಗರದ ನಡುವೆ ಅದು ದೂರದ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದ ಹಾಗೆ ಕೇಳಿಸುತ್ತಿತ್ತು.

ತಂದೆ ತಾಯಿ ಹೋದ ಮೇಲೆ ಅವನಿಗಿದ್ದವಳು ಅಕ್ಕ ರಶೀದಾ ಒಬ್ಬಳೇ. ಬಹಳ ದಿನ ಅವಳು ತಮ್ಮನಿಗೆ ಹೆಣ್ಣು ಹುಡುಕಿದಳು. ಹೆಣ್ಣಿನ ಕಡೆಯವರು ಎಲ್ಲವನ್ನೂ ಒಪ್ಪಿ ಕೊನೆಗೆ ಒಂದು ಮಾತು ಕೇಳುತ್ತಿದ್ದರು: ದಿನಾ ರಾತ್ರಿ ಎರಡನೇ ಆಟ ಮುಗಿಸಿ ಬರುವ ಗಂಡಿಗೆ ಮಗಳನ್ನು ಹೇಗೆ ಕೊಡುವುದು? ಒಂದೆರಡು ಸಲ ಹಾಗಾದ ಮೇಲೆ ಅಮೀರ್ ಜಾನೇ ಸಾಕು ಅಂದುಬಿಟ್ಟ. ಅರಳೆ ಮಂಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಅವನ ವಾಸ. ಬಿಡುವಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಎದ್ದು ಅಂಗಿ ತೊಟ್ಟುಕೊಳ್ಳುತ್ತಿದ್ದ. ಹೆಜ್ಜೆ ಪಕ್ಕದ ಕೋಣೆಗೆ ಹೋದರೆ ಅಂಗಿ ಬಿಚ್ಚಿ ಮತ್ತೆ ಗೂಟಕ್ಕೆ ಹಾಕುತ್ತಿದ್ದ.

ಅರವತ್ತಮೂರನೆಯ ಇಸವಿಯ ಸುಮಾರಿಗೆ ಹರಿಹರದ ಹೊರಗೆ ಹೊಳೆಯ ಕಡೆ ಒಂದು ಹೊಸ ಕಾರ್ಖಾನೆ ಎದ್ದಿತು. ಯಂತ್ರ ಕೂರಿಸಲು ಇಂಗ್ಲೆಂಡಿನಿಂದ ಒಬ್ಬ, ಅಮೆರಿಕದಿಂದ ಒಬ್ಬ ಎಂಜಿನಿಯರು ಬಂದು ಅಲ್ಲಿನ ಗೆಸ್ಟ್ ಹೌಸಿನಲ್ಲಿ ಇಳಿದಿದ್ದರು. ಅವರ ದೇಶಗಳಲ್ಲಿ ರೇಡಿಯೊದಂಥ ಪೆಟ್ಟಿಗೆಯಲ್ಲೇ ಚಿತ್ರ ಬರುತ್ತದಂತೆ, ಅದಕ್ಕೆ ಟೆಲಿವಿಷನ್ ಅನ್ನುತ್ತಾರಂತೆ. ಅದರಲ್ಲಿ ವಾರಕ್ಕೊಂದು ಬರುವ ನಗೆ ನಾಟಕಗಳನ್ನು ಸಣ್ಣ ಫಿಲ್ಮಿಗೆ ಇಳಿಸಿ, ಮನೆ ನೆನಪಾಗದಿರಲಿ ಎಂದು ಇಬ್ಬರಿಗೂ ಅವರವರ ಕಂಪನಿಯವರು ಡಬ್ಬಿಗಳಲ್ಲಿ ಕಳಿಸುತ್ತಿದ್ದರು. ತೋರಿಸುವವರು ಬೇಕಲ್ಲ? ಗೆಸ್ಟ್ ಹೌಸ್ ನೋಡಿಕೊಳ್ಳುತ್ತಿದ್ದ ವಾಮದೇವಪ್ಪ ದಾವಣಗೆರೆಗೆ ಬಂದು ಅಮೀರ್ ಜಾನನನ್ನು ಗೊತ್ತು ಮಾಡಿದ. ಟಾಕೀಸಿನಲ್ಲಿ ಅವನಿಗೆ ಸೋಮವಾರ ರಜೆ. ಅಂದು ಸಂಜೆ ರೈಲು ಹತ್ತಿ ಹರಿಹರಕ್ಕೆ ಹೋಗುವುದು ರೂಢಿಯಾಯಿತು.

ಗೆಸ್ಟ್ ಹೌಸಿನ ಅಂಗಳದಲ್ಲಿ ಎರಡು ಬೇವಿನ ಮರಗಳ ನಡುವೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಈಚೆ ಕುರ್ಚಿಯಲ್ಲಿ ಎಂಜಿನಿಯರುಗಳು, ನೆಲದ ಮೇಲೆ ಕಾರ್ಖಾನೆಯ ಫಿಟ್ಟರು, ಟರ್ನರುಗಳು. ಅವರಲ್ಲಿ ಹೆಚ್ಚಿನವರು ಹರಿಹರದ ಸಾಬರು. ಅವರ ಮನೆಯ ಹೆಂಗಸರು ಬುರ್ಕಾ ತೊಟ್ಟು ಬಂದು ಬಟ್ಟೆಯ ಆಚೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಚಿತ್ರ ತೆಳು ಬಟ್ಟೆಯಲ್ಲಿ ಆಚೆಗೂ ಮೂಡುತ್ತಿತ್ತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಗಂಡಸರು ಆ ಕಡೆ ಹೋಗುವಂತಿಲ್ಲ, ಅಷ್ಟೇ.

ಅಲ್ಲಿ ಮಿಷನ್ ರೂಮಿರಲಿಲ್ಲ. ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟು ಅಮೀರ್ ಜಾನ್ ಜನರ ನಡುವೆಯೇ ನಿಲ್ಲಬೇಕಾಗಿತ್ತು. ಅಷ್ಟು ಹತ್ತಿರದಿಂದ ಅವನು ನಗುವನ್ನು ಕೇಳಿದ್ದು ಅದೇ ಮೊದಲು.

ಮೊದಲು ಅಮೆರಿಕದ ರೀಲು. ದೊಡ್ಡ ಮನೆ, ಅಂದವಾದ ಗಂಡ ಹೆಂಡತಿ, ತುಂಟ ಮಕ್ಕಳು. ಗಂಡ ಏನೋ ಮುಚ್ಚಿಡುತ್ತಾನೆ, ಹೆಂಡತಿ ಕಂಡುಹಿಡಿಯುತ್ತಾಳೆ, ಕೇಕು ಯಾರದೋ ತಲೆಯ ಮೇಲೆ ಬೀಳುತ್ತದೆ, ಕೊನೆಗೆ ಎಲ್ಲರೂ ತಬ್ಬಿಕೊಳ್ಳುತ್ತಾರೆ. ಒಂದೊಂದು ಮಾತು ಮುಗಿದಾಗಲೂ ಕಾಣದ ಜನರೆಲ್ಲ ಘೊಳ್ಳೆಂದು ನಗುವ ಸದ್ದು ರೀಲಿನೊಳಗಿನಿಂದಲೇ ಬರುತ್ತಿತ್ತು. ಆ ನಗುವನ್ನು ಬೇರೆಯಾಗಿ ಹಿಡಿದಿಟ್ಟು ಬೇಕಾದ ಕಡೆ ಅಂಟಿಸುತ್ತಾರೆಂದು ಅಮೆರಿಕದವನು ಹೇಳಿದನಂತೆ. ಇಂಗ್ಲಿಷು ಬಾರದ ಫಿಟ್ಟರುಗಳೂ ಅದರ ಬೆನ್ನು ಹಿಡಿದು ನಗುತ್ತಿದ್ದರು.

ಇಂಗ್ಲೆಂಡಿನ ರೀಲು ಹಾಗಲ್ಲ. ಅದರಲ್ಲಿ ಒಂದು ಕತ್ತಲೆ ಕೋಣೆ, ಒಬ್ಬ ಸೋತ ಮುಖದ ಮನುಷ್ಯ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದ ಕೂಡಲೇ ಅವನು ಕೋಟು ತೊಟ್ಟು, ಟೋಪಿ ಹಿಡಿದು, ತುಂಬ ಕೆಲಸವಿರುವವನ ಹಾಗೆ ಬಾಗಿಲ ಬಳಿ ನಿಲ್ಲುತ್ತಾನೆ. ಹೆಜ್ಜೆ ಮೇಲಂತಸ್ತಿಗೆ ಹೋಗುತ್ತದೆ. ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಕೂರುತ್ತಾನೆ. ಮತ್ತೆ ಹೆಜ್ಜೆ, ಮತ್ತೆ ಕೋಟು. ಕೊನೆಗೊಮ್ಮೆ ನಿಜವಾಗಿಯೂ ಯಾರೋ ಬಾಗಿಲು ತಟ್ಟುತ್ತಾರೆ. ಗಾಬರಿಯಲ್ಲಿ, ನಾನು ಈಗಷ್ಟೇ ಹೊರಟೆ ಅಂದುಬಿಡುತ್ತಾನೆ. ಅಂದ ಮೇಲೆ ಹೋಗಲೇಬೇಕಲ್ಲ? ಬಂದವನು ಒಳಗೆ ಕೂತು ಚಹಾ ಕುಡಿಯುತ್ತಾನೆ, ಇವನು ಹೊರಗೆ ಮಳೆಯಲ್ಲಿ ನಿಂತಿರುತ್ತಾನೆ.

ಆ ರೀಲಿನಲ್ಲೂ ನಗು ಇತ್ತು. ಆದರೆ ಅಲ್ಲೊಬ್ಬರು ಇಲ್ಲೊಬ್ಬರು, ಕೆಮ್ಮಿನ ಜೊತೆ, ನಗಬಹುದೋ ಬಾರದೋ ಎಂದು ಕೇಳಿ ನಕ್ಕ ಹಾಗೆ. ಅಂಗಳದಲ್ಲಿ ಯಾರೂ ನಗಲಿಲ್ಲ.

"ಬಾಗಿಲು ತೆಗೆದು ಯಾರನ್ನಾದ್ರೂ ಕರೀಬಾರದಾ ಅಂತಾನೆ ಅಮೆರಿಕದೋನು," ಎಂದು ವಾಮದೇವಪ್ಪ ಎಂಜಿನಿಯರುಗಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. "ಕರೆದುಬಿಟ್ರೆ ಆಟ ಎಲ್ಲೈತೆ ಅಂತಾನೆ ಇಂಗ್ಲೆಂಡಿನೋನು. ನಿಂಗೆ ಯಾವುದು ಸೇರ್ತು ಅಮೀರ್ ಸಾಬ್?"

ಅಮೀರ್ ಜಾನ್ ರೀಲು ಸುತ್ತುತ್ತಾ ಯೋಚಿಸಿ ಹೇಳಿದ: "ಅಮೆರಿಕದ್ದು ಮದುವೆ ಊಟ ಇದ್ದಂಗೆ ಸ್ವಾಮಿ. ಸಾಕು ಅಂದ್ರೂ ಬಡಿಸ್ತಾರೆ. ಇದು ಬೀಗರ ಮನೆ ಊಟ. ಹಸಿವಿದ್ರೂ ಸಾಕು ಅನ್ನಬೇಕು."

"ಹಂಗಾದ್ರೆ ನಮಗೆ ಮದುವೆ ಊಟಾನೇ ಇರ್ಲಿ ಬಿಡು," ಅಂದ ವಾಮದೇವಪ್ಪ.

ಮುಂದಿನ ಸೋಮವಾರ ಇಂಗ್ಲೆಂಡಿನವನು ಅದೇ ರೀಲನ್ನು ಮತ್ತೆ ಹಾಕಿಸಿದ. ಆ ಮನುಷ್ಯ ಎರಡನೇ ಸಲ ಕೋಟು ಬಿಚ್ಚಿ ಗೂಟಕ್ಕೆ ಹಾಕುವಾಗ ಬಟ್ಟೆಯ ಆಚೆಯಿಂದ ಒಂದು ಹೆಣ್ಣಿನ ನಗು ಕೇಳಿಸಿತು. ತಡೆದು, ತಡೆಯಲಾರದೆ ಉಕ್ಕಿದ ನಗು. ಮಿಕ್ಕೆಲ್ಲ ಕಡೆ ಮೌನ.

ಅಮೀರ್ ಜಾನನ ಕಿವಿ ಬಿಸಿಯಾಯಿತು. ತನ್ನ ಕೋಣೆಯ ಬಾಗಿಲಲ್ಲಿ ನಿಂತು ಯಾರೋ ನಕ್ಕ ಹಾಗಾಯಿತು. ರೈಲಿನಲ್ಲಿ ವಾಪಸು ಬರುವಾಗಲೂ ಅವನಿಗೆ ಸಿಟ್ಟಿತ್ತು. ಆದರೆ ನಾಲ್ಕು ದಿನ ಕಳೆದ ಮೇಲೆ, ಟಾಕೀಸಿನಲ್ಲಿ ಕಾರ್ಬನ್ ಕಡ್ಡಿ ಬದಲಿಸುವಾಗ ಇನ್ನೊಂದು ಯೋಚನೆ ಬಂತು. ಅದು ಹೀಯಾಳಿಸುವ ನಗುವಲ್ಲ. ಬಾಗಿಲ ಸದ್ದಿಗೆ ಕಾದು ಗೊತ್ತಿದ್ದವರು ಮಾತ್ರ ಆ ಜಾಗದಲ್ಲಿ ನಗಬಲ್ಲರು. ಅಂದಿನಿಂದ ಅವನು ಸೋಮವಾರಕ್ಕೆ ಕಾಯತೊಡಗಿದ. ಇಂಗ್ಲೆಂಡಿನ ರೀಲುಗಳಲ್ಲಿ ಬೇರೆ ಬೇರೆ ಕಥೆ ಬಂದವು, ಮನುಷ್ಯ ಅವನೇ. ಆ ನಗುವೂ ಪ್ರತಿ ಸಲ ಬಂತು, ಯಾರೂ ನಗದ ಜಾಗದಲ್ಲಿ ಒಂಟಿಯಾಗಿ.

ಗೆಸ್ಟ್ ಹೌಸಿನ ಕಸಗುಡಿಸುವ ದುರುಗವ್ವ ಹೆಂಗಸರ ಕಡೆ ಕೂರುತ್ತಿದ್ದಳು. ಒಂದು ದಿನ ಅಮೀರ್ ಜಾನ್ ಧೈರ್ಯ ಮಾಡಿ ಅವಳನ್ನು ಕೇಳಿದ.

"ದುರುಗವ್ವ, ಇಂಗ್ಲೆಂಡಿನವನ ಆಟದಾಗ ಆ ಕಡೆ ನಗೋರು ಯಾರು?"

"ನನಗೇನು ಗೊತ್ರಿ ಸಾಬ್ರೆ. ಅಮೆರಿಕದ್ದು ಮುಗಿದ ಕೂಡ್ಲೆ ನಾನು ನಿದ್ದಿ ಹೊಡೀತೀನಿ. ಅವನು ಕೋಟು ಹಾಕೋದು ಬಿಚ್ಚೋದು ನೋಡ್ಕೊಂತ ಯಾರು ಕುಂದರ್ತಾರೆ?"

"ಆದ್ರೂ, ಯಾರಿರಬೇಕು?"

"ಕತ್ತಲಾಗ ಎಲ್ಲಾ ಕರೀ ಬುರ್ಕಾನ. ನಗೂಗೆ ಬಣ್ಣ ಐತೇನ್ರಿ ಗುರುತು ಹಿಡಿಯಾಕ?" ಎಂದು ಅವಳು ಪೊರಕೆ ಎತ್ತಿಕೊಂಡು ಹೋದಳು.

ಆ ವಾರ ಅವನು ಅಕ್ಕನ ಮನೆಗೆ ಹೋದ. ರಶೀದಾ ಅಕ್ಕಿ ಆರಿಸುತ್ತಿದ್ದಳು.

"ಆಪಾ, ನನಗೊಂದು ಹೆಣ್ಣು ಕೇಳ್ತೀಯಾ?"

ರಶೀದಾ ಮೊರ ಕೆಳಗಿಟ್ಟಳು. "ಯಾರ ಮನೇದು?"

"ಹರಿಹರದ್ದು. ಮನೆ ಗೊತ್ತಿಲ್ಲ."

"ಹೆಸರು?"

"ಗೊತ್ತಿಲ್ಲ."

"ಮುಖ ಆದ್ರೂ ನೋಡೀಯಾ?"

"ಇಲ್ಲ."

"ಮತ್ತೇನು ಗೊತ್ತೈತೆ ನಿನಗೆ?"

"ನಗ್ತಾಳೆ," ಅಂದ ಅಮೀರ್ ಜಾನ್. ಆಮೇಲೆ ಎಲ್ಲವನ್ನೂ ಹೇಳಿದ.

ರಶೀದಾ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಯಾವುದಾದ್ರೂ ಮುದುಕಿ ಆಗಿದ್ರೆ? ಹಲ್ಲು ಬೀಳ್ತಾವೆ, ನಗು ಬೀಳಲ್ಲ ಕಣೋ."

"ಮುದುಕಿ ಅಲ್ಲ ಆಪಾ."

"ಮದುವೆ ಆದವಳಾಗಿದ್ರೆ?"

"ಹಂಗಿದ್ರೆ ಅಲ್ಲಿಗೆ ಬಿಟ್ಟುಬಿಡು. ಯಾರು ಅಂತ ಗೊತ್ತಾದ್ರೆ ಸಾಕು."

ತಮ್ಮ ತಾನಾಗಿ ಹೆಣ್ಣಿನ ಮಾತೆತ್ತಿದ್ದು ಅದೇ ಮೊದಲು. ರಶೀದಾ ಬೇಡವೆನ್ನಲಾರದೆ ಹೋದಳು. ಆಟದ ಹೊತ್ತಿಗೇ ಹೋಗಿ ಹೆಂಗಸರ ನಡುವೆ ಕೂರಬೇಕೆಂದಿದ್ದಳು. ಕತ್ತಲಾದ ಮೇಲೆ ಪರವೂರಿನಲ್ಲಿ ಏನು ಕೆಲಸ ಎಂದು ಗಂಡ ತಡೆದ. ಹಾಗಾಗಿ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ಹೆಣ್ಣು ಕೇಳಲು ಹೋದವರು ಹುಡುಗಿಗೆ ಕುರಾನ್ ಓದಲು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ, ಅಡುಗೆ ಹೇಗೆ ಎಂದು ಕೇಳುವುದು ವಾಡಿಕೆ. ರಶೀದಾಳಿಗೆ ಕೇಳಲು ಇದ್ದದ್ದು ಒಂದೇ ಮಾತು.

ಮೊದಲು ಫಿಟ್ಟರುಗಳ ಮನೆಗಳಿರುವ ಓಣಿಯಲ್ಲಿ ಬೀಬಿಜಾನಳ ಮನೆಗೆ ಹೋದಳು. ಬೀಬಿಜಾನ್ ಆ ಓಣಿಗೆಲ್ಲ ಹಿರಿಯಳು. ಕೂರಿಸಿ, ಎಲೆಯಡಿಕೆ ತಟ್ಟೆ ಮುಂದಿಟ್ಟಳು. ರಶೀದಾ ಅತ್ತಿತ್ತ ಮಾತಾಡಿ ವಿಷಯಕ್ಕೆ ಬಂದಳು.

"ಸೋಮವಾರದ ಆಟದಾಗ ನಿಮ್ಮ ಓಣಿಯವರೊಬ್ಬರು ಚೆನ್ನಾಗಿ ನಗ್ತಾರಂತೆ. ಅವರು ಯಾರು ಅಂತ ಕೇಳೋಣ ಅಂತ ಬಂದೆ."

"ಹಂಗಂತ ಯಾರು ಹೇಳಿದ್ರು?"

"ನಮ್ಮ ತಮ್ಮ. ಮಿಷನ್ ನಡೆಸೋನು."

ಬೀಬಿಜಾನ್ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. "ನಮ್ಮ ಹೆಣ್ಣುಮಕ್ಕಳ ನಗು ಗಂಡಸರ ಕಿವಿಗೆ ಬಿದ್ದು, ಅದು ದಾವಣಗೆರೆ ತನಕ ಹೋತಾ?"

"ತಪ್ಪು ತಿಳೀಬ್ಯಾಡ್ರಿ. ಒಳ್ಳೇ ಮಾತಿಗೇ ಬಂದಿದ್ದು."

"ಒಳ್ಳೇ ಮಾತಿಗೆ ಬಂದೋರು ಹಿಂಗೆ ಕೇಳಲ್ಲಮ್ಮ. ನಮ್ಮ ಮನ್ಯಾಗ ಯಾರೂ ನಕ್ಕಿಲ್ಲ."

ರಶೀದಾ ಪಕ್ಕದ ಮನೆಗೆ ಹೋದಳು, ಅದರಾಚೆಯ ಮನೆಗೂ ಹೋದಳು. ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂದೆ ಹೋಗಿತ್ತು. ಅವಳು ಸಲಾಂ ಹೇಳುವುದಕ್ಕೂ ಮೊದಲೇ ಕದದ ಸಂದಿಯಿಂದ ಮಾತು ಬಂತು: "ನಮ್ಮವರು ಯಾರೂ ನಕ್ಕಿಲ್ಲ, ಹೋಗ್ರಿ."

ಸಂಜೆ ತಮ್ಮನ ಕೋಣೆಗೆ ಬಂದು ಅವಳು ಹೊಸ್ತಿಲಲ್ಲೇ ಕೂತಳು. "ಹೆಣ್ಣು ಕೇಳಾಕ ಹೋಗಿ ದೂರು ಕೊಟ್ಟಂಗಾತು ಕಣೋ," ಅಂದಳು. "ಹೆಂಗೆ ಕೇಳಬೇಕಿತ್ತೋ ನನಗೆ ತಿಳೀಲಿಲ್ಲ."

"ನನಗಾದ್ರೂ ಎಲ್ಲಿ ತಿಳೀತು ಆಪಾ," ಅಂದ ಅಮೀರ್ ಜಾನ್.

ಸೋಮವಾರ ಬಂತು. ಹೆಂಗಸರು ಬರುವುದಿಲ್ಲವೇನೋ ಎಂದು ಅವನು ಹೆದರಿದ್ದ. ಮಕ್ಕಳ ಕಾಟಕ್ಕೋ ಏನೋ, ಬಂದರು. ಬಟ್ಟೆಯ ಆಚೆ ಚಾಪೆ ಹಾಸಿದ ಸದ್ದು ಕೇಳಿಸಿತು. ಅಮೆರಿಕದ ರೀಲು ಹಾಕಿದ. ಕೇಕು ಬಿತ್ತು, ರೀಲಿನ ಜನ ನಕ್ಕರು, ಈಚೆ ಫಿಟ್ಟರುಗಳು ನಕ್ಕರು. ಆಚೆ ಒಂದು ಮಗು ನಗಲು ಹೋದಾಗ ಯಾರೋ ಅದರ ಬಾಯಿ ಮುಚ್ಚಿದರು. ಅಷ್ಟು ದಿನ ಆ ಕಡೆಯಿಂದ ಬರುತ್ತಿದ್ದ ಬಳೆಗಳ ಸದ್ದೂ ಇರಲಿಲ್ಲ. ಅಂಟಿಸಿದ ನಗು ಖಾಲಿ ಮನೆಯಲ್ಲಿ ಹಚ್ಚಿಟ್ಟ ರೇಡಿಯೊದಂತೆ ಆ ಕಡೆ ಹೋಗಿ ಬೀಳುತ್ತಿತ್ತು.

ಇಂಗ್ಲೆಂಡಿನ ರೀಲು ಏರಿಸುವಾಗ ಫಿಲ್ಮಿನ ತುದಿ ಪ್ರೊಜೆಕ್ಟರಿನ ಹಲ್ಲಿಗೆ ಬೇಗ ಸಿಗಲಿಲ್ಲ. ಮೊದಲ ದಿನದ ರೀಲನ್ನೇ ತೆಗೆದುಕೊಂಡಿದ್ದ. ಒಂಟಿ ನಗುವಿಗೆ ಭಯವಿರುತ್ತದೆ, ಯಾರದೆಂದು ಗುರುತು ಸಿಕ್ಕಿಬಿಡುತ್ತದೆ. ಜೊತೆಗೆ ಇನ್ನೊಂದು ನಗು ದೊಡ್ಡದಾಗಿ ಇದ್ದರೆ ಇದು ಅದರ ಮರೆಯಲ್ಲಿ ಬರಬಹುದಲ್ಲ? ಅಷ್ಟನ್ನು ಅವನು ರೈಲಿನಲ್ಲೇ ಯೋಚಿಸಿ ಬಂದಿದ್ದ.

ಆ ಮನುಷ್ಯ ಎರಡನೇ ಸಲ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಅಮೀರ್ ಜಾನ್ ನಕ್ಕ. ಜನರ ನಡುವೆ ನಕ್ಕು ಅಭ್ಯಾಸವಿಲ್ಲದ ಗಂಟಲು, ದನಿ ಒಡೆದು ಬಂತು. ಆದರೂ ಬಿಡದೆ ನಕ್ಕ. ಇಂಗ್ಲೆಂಡಿನ ಎಂಜಿನಿಯರು ತಿರುಗಿ ನೋಡಿದ, ಅವನ ಮುಖ ಅರಳಿತು, ತಾನೂ ನಕ್ಕ. ಅವರಿಬ್ಬರನ್ನು ನೋಡಿ ಅಮೆರಿಕದವನು ನಕ್ಕ. ಸಾಹೇಬರು ನಕ್ಕರೆಂದು ವಾಮದೇವಪ್ಪ ನಕ್ಕ, ಅವನು ನಕ್ಕನೆಂದು ಫಿಟ್ಟರುಗಳು ನಕ್ಕರು. ಇಂಗ್ಲೆಂಡಿನ ರೀಲಿಗೆ ಈಚಿನ ಅಂಗಳ ಪೂರ್ತಿ ನಕ್ಕಿದ್ದು ಅದೇ ಮೊದಲು.

ಅಮೀರ್ ಜಾನ್ ಎಲ್ಲರಿಗಿಂತ ಮೊದಲು ನಿಲ್ಲಿಸಿ ಬಟ್ಟೆಯ ಕಡೆ ಕಿವಿಗೊಟ್ಟ. ಈಚಿನ ನಗು ಒಂದೊಂದಾಗಿ ಇಳಿಯುವವರೆಗೂ ಕಾದ. ಆಚಿನ ಆ ಒಂದು ನಗು ಬರಲಿಲ್ಲ. ಗಂಡಸರು ತಮ್ಮನ್ನೇ ಆಡಿಕೊಂಡು ನಕ್ಕರೆಂದುಕೊಂಡರೋ ಏನೋ, ಚಿತ್ರದ ಮನುಷ್ಯ ಮಳೆಗೆ ಇಳಿಯುವ ಹೊತ್ತಿಗೆ ಆಚೆ ಯಾರೋ ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ಆಟ ಮುಗಿಯುವ ಮೊದಲೇ ಚಾಪೆಗಳನ್ನು ಸುತ್ತುವ ಸದ್ದು ಅವನಿಗೆ ಚೆನ್ನಾಗಿ ಕೇಳಿಸಿತು.